ಕೆಡದೇ ಇದ್ದ ರ್‍ಯಾಮ್

ಹಳೇ ಕಂಪ್ಯೂಟರಿನ ಡಬ್ಬ ಬಿಚ್ಚಿ ನೋಡಿದವರಿಗೇ ಗೊತ್ತು ಅದರೊಳಗಿನ ಗಲೀಜು. ನಮ್ಮನೆಯದಕ್ಕೆ ಹದಿಮೂರು ವರ್ಷವಾಗಿತ್ತು. ಒಳಗೆ ಹಲ್ಲಿ ಹಿಕ್ಕೆ, ಸತ್ತ ಜಿರಲೆ ರೆಕ್ಕೆ, ಫ್ಯಾನಿಗೆ ಅಂಟಿದ ಕಪ್ಪು ಜಿಡ್ಡು. ಹನಕೆರೆಯಿಂದ ನಮ್ಮೂರಿಗೆ ಬರುವ ದಾರಿಯ ಆಲೆಮನೆಗಳ ಮಸಿ ಕಿಟಕಿಯಿಂದ ಬಂದು ಎಲ್ಲದರ ಮೇಲೂ ಕೂರುತ್ತದೆ. ಸವೆದ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅದನ್ನೆಲ್ಲ ಕೆರೆದು ತೆಗೆಯುವಾಗ ವಾಕರಿಕೆ ಬಂತು. ಈಗ ನೆನೆದರೆ ಆ ಇಡೀ ಪ್ರಕರಣದಲ್ಲಿ ನಾನು ಮಾಡಿದ ಚೊಕ್ಕಟವಾದ ಕೆಲಸ ಅದೊಂದೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಜೊತೆಯವರೊಬ್ಬರು ಹೊಸ ಲ್ಯಾಪ್‌ಟಾಪ್ ತಂದು ಎಲ್ಲರಿಗೂ ತೋರಿಸಿದಾಗ ನನಗೆ ಸುಮ್ಮನಿರಲಾಗಲಿಲ್ಲ. ನಮ್ಮನೆಯ ಹಳೇದನ್ನೇ ಇದಕ್ಕಿಂತ ಜೋರಾಗಿ ಓಡಿಸಿ ತೋರಿಸುತ್ತೇನೆ ಅಂದುಬಿಟ್ಟೆ. ಕಂಪನಿಯವರು ಗೊತ್ತುಮಾಡಿದ ವೇಗಕ್ಕಿಂತ ಪ್ರೊಸೆಸರನ್ನು ಹೆಚ್ಚಿಗೆ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ನಾಲ್ಕು ವಿಡಿಯೋ ನೋಡಿ ಕಲಿತೆ. ಮೂರು ಪಾಯಿಂಟ್ ಮೂರು ಗಿಗಾಹರ್ಟ್ಸಿನಲ್ಲಿ ಓಡುತ್ತಿದ್ದದ್ದನ್ನು ನಾಲ್ಕು ಪಾಯಿಂಟ್ ಎರಡಕ್ಕೆ ಏರಿಸಿದೆ. ಮೆಮೊರಿ, ಅಂದರೆ ರ್‍ಯಾಮ್, ಮಾತ್ರ ನಿಧಾನದ್ದು. ಅದಕ್ಕೆ ಇನ್ನೊಂದು ರ್‍ಯಾಮ್ ಸೇರಿಸೋಣವೆಂದು ಅಂದೇ ಮಂಡ್ಯದ ಕಂಪ್ಯೂಟರ್ ಅಂಗಡಿಗೆ ಹೋದೆ.

ಅಲ್ಲಿ ರಿಪೇರಿ ಮಾಡುತ್ತಿದ್ದದ್ದು ಮಳವಳ್ಳಿ ಕಡೆಯ ಒಬ್ಬ ಹೆಂಗಸು. ಮೂವತ್ತರ ಮೇಲಿರಬಹುದು. ನಾನು ಕೇಳಿದ್ದನ್ನು ಮಾರಿ ಕಳಿಸಬಹುದಿತ್ತು, ಆಕೆ ಹಾಗೆ ಮಾಡಲಿಲ್ಲ.

“ಅಳೇದ್ರ ಜತೆ ಒಸದು ಆಕುದ್ರೆ ಎರಡೂ ನಿಧಾನದ್ದರ ಸ್ಪೀಡ್ಗೇ ಓಡ್ತವೆ ಸಾ. ಬಲವಂತ ಮಾಡುದ್ರೆ ನಿಂತೋಯ್ತವೆ. ಒಂದೇ ಸ್ಪೀಡಿನ ಜೋಡಿ ತಕಳಿ,” ಅಂದಳು. ಹೊಸ ಜೋಡಿಯ ಡಬ್ಬ ಒಡೆದು, ನನ್ನ ಕಣ್ಣೆದುರೇ ಒಂದು ಗಂಟೆ ಟೆಸ್ಟ್ ಓಡಿಸಿ, ಎರಡರ ಮೇಲಿನ ನಂಬರನ್ನೂ ಬಿಲ್ಲಿನಲ್ಲಿ ಬರೆದುಕೊಟ್ಟಳು.

ಮನೆಯಲ್ಲಿ ಹಾಕಿದ ಸಂಜೆ ಕಂಪ್ಯೂಟರು ಕುದುರೆಯಂತೆ ಓಡಿತು. ಮಾರನೇ ಬೆಳಿಗ್ಗೆ ಇದ್ದಕ್ಕಿದ್ದಂತೆ ಆರಿ ಮತ್ತೆ ತಾನೇ ಹೊತ್ತಿಕೊಂಡಿತು. ಮಧ್ಯಾಹ್ನವೂ ಹಾಗೇ. ರ್‍ಯಾಮಿನ ವೇಗ ಇಳಿಸಿದೆ, ಅದಕ್ಕೆ ಕೊಡುವ ವೋಲ್ಟೇಜು ಒಂಚೂರು ಏರಿಸಿದೆ, ಜೋಡಿಯ ಜಾಗ ಅದಲುಬದಲು ಮಾಡಿದೆ. ಪ್ರೊಸೆಸರಿನ ವೇಗ ಮಾತ್ರ ಇಳಿಸಲಿಲ್ಲ, ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡಿದ್ದೆನಲ್ಲ.

ರ್‍ಯಾಮನ್ನು ಅಂಗಡಿಗೆ ಒಯ್ದು ಕೊಟ್ಟೆ. ಆಕೆ ಒಂದು ದಿನ ಇಟ್ಟುಕೊಂಡು ಟೆಸ್ಟ್ ಮಾಡಿ, ಏನೂ ದೋಷವಿಲ್ಲ ಅಂದಳು. “ಮನೇಲಿ ಕರೆಂಟು ಎಂಗದೆ ಸಾ?” ಅಂತ ಕೇಳಿದಳು. ಕರೆಂಟಿನ ಪಾಠ ಹೇಳುವವನಿಗೇ ಕರೆಂಟಿನ ವಿಷಯ ಕೇಳುತ್ತಾಳಲ್ಲ ಅಂತ ಮೈಯೆಲ್ಲ ಉರಿಯಿತು. ಉತ್ತರ ಕೊಡದೆ ಎತ್ತಿಕೊಂಡು ಬಂದೆ.

ಮನೆಯಲ್ಲಿ ಮತ್ತೆ ಅದೇ ರಾಗ. ಮೂರನೇ ಸಲ ಹೋದಾಗ ಅಂಗಡಿಯಲ್ಲಿ ಏಳೆಂಟು ಗಿರಾಕಿಗಳಿದ್ದರು. ಅದುವರೆಗೂ ನೀವು ಅನ್ನುತ್ತಿದ್ದವನು ನೀನು ಅಂದೆ. “ನನ್ನ ಹೊಸ ಮಾಲು ನೀನು ಇಟ್ಕೊಂಡು, ಯಾರದೋ ಕೆಟ್ಟಿದ್ದನ್ನ ನನಗೆ ಕೊಟ್ಟಿದೀಯ. ಕಳ್ಳತನ ಅಲ್ವಾ ಇದು? ಹೆಂಗಸರ ಕೈಗೆ ರಿಪೇರಿ ಕೊಟ್ಟರೆ ಇನ್ನೇನಾಗ್ತದೆ,” ಅಂದೆ. ಒಂದಕ್ಷರವನ್ನೂ ಬಿಡದೆ ಬರೆಯುತ್ತಿದ್ದೇನೆ. ಬರೆಯುವಾಗ ಬಾಯಿ ಕಹಿಯಾಗುತ್ತದೆ.

“ನಂಬರ್ ಬಿಲ್ಲಲ್ಲಿ ಅದೆ, ತಾಳೆ ನೋಡಿ ಸಾ,” ಅಂತ ಆಕೆ ಬಿಲ್ಲು ಕೇಳಿ ಕೈಚಾಚಿದಳು. ಬಿಲ್ಲು ನನ್ನ ಜೇಬಿನಲ್ಲೇ ಇತ್ತು. ನಾನು ತೆಗೆಯಲಿಲ್ಲ. ಗಲ್ಲಾದಲ್ಲಿ ಕೂತಿದ್ದ ಅಂಗಡಿ ಮಾಲೀಕನೂ ಬಿಲ್ಲು ಕೇಳಲಿಲ್ಲ. ಅವನು ನನಗೆ ಕೈಮುಗಿದು ಬೇರೆ ಜೋಡಿ ಕೊಟ್ಟ. ಆಕೆಗೆ, “ನಾಳೆಯಿಂದ ಬರಬ್ಯಾಡ ಕಣಮ್ಮ,” ಅಂದ. ನಾನು ಗೆದ್ದವನ ಗತ್ತಿನಲ್ಲಿ ಮೆಟ್ಟಿಲಿಳಿದು ಬಂದೆ.

ಆ ಹೊಸ ಜೋಡಿಯಲ್ಲೂ ಕಂಪ್ಯೂಟರು ಆರುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಆಮೇಲೆ ಗದ್ದೆ ನೋಡಿಕೊಳ್ಳುವ ನಮ್ಮಣ್ಣ ದುದ್ದದ ನೆಂಟರ ಮನೆಗೆ ಹೋಗಿ ಎರಡು ದಿನ ಉಳಿದ. ಆ ಎರಡು ದಿನ ಕಂಪ್ಯೂಟರು ಒಮ್ಮೆಯೂ ನಿಲ್ಲಲಿಲ್ಲ. ಮೂರನೇ ದಿನ ಬೆಳಿಗ್ಗೆ ಅವನು ವಾಪಸ್ ಬಂದ ಮೇಲೆ ಟ್ಯೂಬ್‌ಲೈಟು ಮಂಕಾಯಿತು, ಫ್ಯಾನು ಸೊರಗಿತು, ಕಂಪ್ಯೂಟರು ಆರಿತು. ಹಿತ್ತಿಲಿಗೆ ಹೋದರೆ ಅಣ್ಣ ಗದ್ದೆ ಮೋಟರಿನ ಸ್ಟಾರ್ಟರಿನ ಮುಂದೆ ನಿಂತಿದ್ದ.

“ಈಗ ಮೋಟರು ಹಾಕಿದೆಯಾ?”

“ಊಂ ಕಣ್ಲಾ. ಕಬ್ಬು ಒಣಗ್ತಾ ಅದೆ. ಯಾಕ್ಲಾ?”

ಗದ್ದೆ ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ನಮ್ಮಲ್ಲಿ ದಿನಕ್ಕೆ ಕೆಲವೇ ಗಂಟೆ ಬರುತ್ತದೆ. ಉಳಿದ ಹೊತ್ತಿನಲ್ಲಿ ಕಂಡೆನ್ಸರ್ ಸಿಕ್ಕಿಸಿ, ಮನೆಗಳಿಗೆ ಬರುವ ಕರೆಂಟಿನಲ್ಲೇ ಮೋಟರು ಎಳೆಸುತ್ತಾರೆ. ಆಗ ಸುತ್ತಲಿನ ಮನೆಗಳ ವೋಲ್ಟೇಜು ಕುಸಿಯುತ್ತದೆ. ನಿಧಾನಕ್ಕೆ ಓಡುವಾಗ ಅದನ್ನು ಹೇಗೋ ತಡೆದುಕೊಳ್ಳುತ್ತಿದ್ದ ಕಂಪ್ಯೂಟರಿಗೆ, ನಾನು ವೇಗ ಏರಿಸಿ ಹಸಿವು ಹೆಚ್ಚಿಸಿದ ಮೇಲೆ ತಡೆಯಲಾಗಲಿಲ್ಲ. ಯುಪಿಎಸ್ಸಿನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಅಣ್ಣನಿಗೆ ಕಂಡೆನ್ಸರ್ ತಂದು ಹಾಕಿಸಿದವನೂ ನಾನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಅದನ್ನು ನಾನು ಪೂರ್ತಿಯಾಗಿ ಮಾಡಿ ಮುಗಿಸಿದ್ದೆ. ಥೂ ಅಂತ ಉಗಿಯಬೇಕಿದ್ದರೆ ಕನ್ನಡಿಯ ಮುಂದೆ ನಿಂತು ಉಗಿಯಬೇಕಿತ್ತು.

ಅಂದು ಸಂಜೆಯೇ ಅಂಗಡಿಗೆ ಹೋಗಿ ಮಾಲೀಕನಿಗೆ ಎಲ್ಲ ಹೇಳಿದೆ. ಅವನು ನಕ್ಕ.

“ಓಗ್ಲಿ ಬುಡಿ ಮೇಷ್ಟ್ರೇ. ನೀವು ವಾಪಸ್ ಕೊಟ್ಟ ಜೋಡೀನ ಅವತ್ತೇ ಇನ್ನೊಬ್ಬರಿಗೆ ಮಾರ್ದೆ. ಚೆನ್ನಾಗೇ ಓಡ್ತಾ ಅದೆ.”

ಅಂದರೆ ಆಕೆಯದು ತಪ್ಪಿಲ್ಲವೆಂದು ನನಗಿಂತ ಮೊದಲೇ ಅವನಿಗೆ ಗೊತ್ತಿತ್ತು. ಆದರೂ ಆಕೆಯನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಆ ನಗು ಕಂಡು ಅಸಹ್ಯವಾಯಿತು. ಆದರೆ ಅವನು ನಗುತ್ತಿದ್ದದ್ದು ಆ ಅನ್ಯಾಯದಲ್ಲಿ ತನ್ನ ಪಾಲುದಾರನಾದ ನನ್ನನ್ನು ನೋಡಿಕೊಂಡು. ಆಕೆ ಈಗ ಮಳವಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿದ್ದಾಳೆ ಅಂತ ಅವನೇ ಹೇಳಿದ.

ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ, ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಳವಳ್ಳಿಗೆ ಹೋದೆ. ಅಂಗಡಿಯಲ್ಲಿ ಆಧಾರು, ಪಹಣಿ ಹಿಡಿದವರು ನಿಂತಿದ್ದರು. ಅವರೆಲ್ಲ ಹೋಗುವ ತನಕ ಎದುರಿನ ಮರದ ಕೆಳಗೆ ಕಾದೆ. ಆಮೇಲೆ ಒಳಗೆ ಹೋಗಿ, ದನಿ ತಗ್ಗಿಸಿ, ಮೋಟರಿನ ವಿಷಯ ಹೇಳಿ ತಪ್ಪಾಯಿತು ಅಂದೆ.

ಆಕೆ ಕಾಗದ ಜೋಡಿಸುತ್ತಲೇ ಕೇಳಿಸಿಕೊಂಡಳು. “ಮಂಡ್ಯದಲ್ಲಿ ಮೂರು ಅಂಗಡೀಲಿ ಕೆಲ್ಸ ಕೇಳ್ದೆ ಸಾ. ಕೈ ಸುದ್ದ ಇಲ್ಲ ಅಂತ ಸುದ್ದಿ ನನಗಿಂತ ಮುಂಚೇನೇ ಓಗಿತ್ತು,” ಅಂದಳು. ಕಾಗದದ ಕಟ್ಟು ಕೆಳಗಿಟ್ಟು, “ಅವತ್ತು ಅಷ್ಟು ಜನದ ಮುಂದೆ ಕಳ್ಳಿ ಅಂದ್ರಿ. ಈಗ ಯಾರೂ ಇಲ್ಲದಾಗ ಬಂದು ಏಳ್ತಾ ಇದೀರ. ಅದೇ ಅಂಗಡೀಲಿ, ಜನ ಇರುವಾಗ ಏಳ್ತೀರಾ?” ಅಂತ ಕೇಳಿದಳು.

“ಹೇಳ್ತೀನಮ್ಮ,” ಅಂದೆ.

ಆಕೆ ಮಿಶೀನು ಆರಿಸಿ, ಪಕ್ಕದ ಹೂವಿನಂಗಡಿಯವಳಿಗೆ ಮೂರ್ನಾಲ್ಕು ಗಂಟೆ ಅಂಗಡಿ ನೋಡಿಕೋ ಅಂದು, ಬ್ಯಾಗು ಹೆಗಲಿಗೆ ಹಾಕಿಕೊಂಡಳು. “ಮಂಡ್ಯದ ಬಸ್ಸು ನಿಂತದೆ. ನಡೀರಿ ಓಗನ. ಸನಿವಾರ ಸಂಜೆ ಜನ ಜಾಸ್ತಿ.”

ನನ್ನ ಕಣ್ಮುಂದೆ ಆ ಅಂಗಡಿ ಬಂತು. ಗಿರಾಕಿಗಳಲ್ಲಿ ನನ್ನ ಹಳೇ ಶಿಷ್ಯರು ಇದ್ದೇ ಇರುತ್ತಾರೆ. ಸೋಮವಾರ ಬೆಳಿಗ್ಗೆಗೆ ಸ್ಟಾಫ್ ರೂಮಿಗೆ ಸುದ್ದಿ ಬಂದಿರುತ್ತದೆ.

“ಈವತ್ತು ಸ್ವಲ್ಪ ಕೆಲಸ ಇತ್ತಲ್ಲಮ್ಮ. ನಾಳೆ ಭಾನುವಾರ, ಬಿಡುವಾಗಿ ಹೋಗಿ ಹೇಳೋಣ,” ಅಂದೆ.

ಆಕೆ ಬ್ಯಾಗು ಇಳಿಸಿ ಮಿಶೀನಿನ ಗುಂಡಿ ಒತ್ತಿದಳು.

“ಬಾನುವಾರ ಆ ಅಂಗಡಿ ತೆಗಿಯಕಿಲ್ಲ ಸಾ,” ಅಂದಳು.

ಅದು ನನಗೂ ಗೊತ್ತಿತ್ತು.