ಹಗಲಿನ ಪರದೆ

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ನಾವು ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ತೊಟ್ಟು ಬಿಡಿಸುತ್ತಿದ್ದೆವು. ಕಾಲಿಗೆ ಸೊಳ್ಳೆ ಕಚ್ಚಿದರೂ ತುರಿಸಿಕೊಳ್ಳುವಂತಿರಲಿಲ್ಲ. ಖಾರದ ಕೈ ತಾಗಿದಲ್ಲೆಲ್ಲ ಬೆಂಕಿ. ಕಚ್ಚುವಷ್ಟು ಕಚ್ಚಿ ಸಾಯಲಿ ಎಂದು ಬಿಟ್ಟುಬಿಡುತ್ತಿದ್ದೆವು. ನಮಗೆ ಕುಡಿಯಲು ನೀರು ತುಂಬಿಟ್ಟ ಬ್ಯಾರಲ್ಲು ಮೂಲೆಯಲ್ಲಿ ಮುಚ್ಚಳವಿಲ್ಲದೆ ನಿಂತಿರುತ್ತಿತ್ತು. ಮಾಲೀಕರು ಸೊಳ್ಳೆ ಮದ್ದು ಹೊಡೆಸಿದ್ದು ಹೊರಗಿನ ಗಟಾರಕ್ಕೆ.

ನನಗೆ ಡೆಂಗಿ ಬಂತು. ಮನೆಗೆ ಬಂದ ಆಶಾ ಕಾರ್ಯಕರ್ತೆ ಮೊದಲು ಕೇಳಿದ್ದೇ, "ಅಕ್ಕಾರ, ಸೊಳ್ಳಿ ಪರದಿ ಕಟ್ಕೊಳ್ಳಲಿಲ್ಲೇನ್ರಿ?"

"ದಿನಾ ರಾತ್ರಿ ಕಟ್ಕೋತೀನ್ರಿ."

"ರಾತ್ರಿ ಕಚ್ಚೂದು ಗಟಾರದ ಸೊಳ್ಳಿ, ಅದರಿಂದ ಡೆಂಗಿ ಬರಂಗಿಲ್ರಿ. ಡೆಂಗಿ ತರೂದು ಬಿಳಿ ಪಟ್ಟಿ ಸೊಳ್ಳಿ. ಅದು ಹುಟ್ಟೂದು ಚೊಕ್ಕ ನೀರಾಗ, ಕಚ್ಚೂದು ಹಗಲಿನ್ಯಾಗ."

"ಹಂಗಾರ ಹಗಲಿಗೆ ನಾವೇನ್ ಮಾಡ್ಬೇಕ್ರಿ?"

"ಆರಾಮ ಆಗೂತನಕ ಹಗಲೂ ಪರದಿಯೊಳಗ ಮಲ್ಕೋರಿ. ಇಲ್ಲಂದ್ರ ನಿಮ್ಮನ್ನ ಕಚ್ಚಿದ ಸೊಳ್ಳಿ ಮಂದಿಗೆ ಡೆಂಗಿ ಹಚ್ಚತೈತಿ."

ಪರದೆ ಕಟ್ಟಿಕೊಂಡು ಮಲಗಿದೆ. ಇಷ್ಟು ವರ್ಷ ಹಾಡುಹಗಲೇ ಸೊಳ್ಳೆ ನಮ್ಮನ್ನು ಕಚ್ಚುತ್ತಿದ್ದಾಗ ಯಾರಿಗೂ ನೆನಪಾಗದ ಹಗಲಿನ ಪರದೆ, ನನ್ನಿಂದ ಮಂದಿಗೆ ಹರಡುತ್ತದೆ ಎಂದ ಕೂಡಲೇ ನೆನಪಾಯಿತು.