ಹಿಂದಕ್ಕೆ ತಿರುಗುವ ಹಾಳೆ

ಪುಸ್ತಕದ ಹಾಳೆಯನ್ನು ಹಿಂದಕ್ಕೆ ತಿರುಗಿಸುವುದು ಸಾಮಾನ್ಯ ಸಂಗತಿಯಲ್ಲ. ಮನುಕುಲ ಈ ಬಗ್ಗೆ ಇಷ್ಟು ಕಾಲ ಬಾಯಿ ಬಿಡದಿದ್ದದ್ದೇ ದೊಡ್ಡ ಲೋಪ. ಆ ಲೋಪವನ್ನು ಬೆಳಗಿನ ಐದಕ್ಕೆ, ಅಡುಗೆಮನೆಯ ಮೇಜಿನ ಮುಂದೆ ನಿಂತು, ಒಬ್ಬಾಕೆ ತುಂಬಿಕೊಡುತ್ತಿದ್ದಾರೆ. ಸಕ್ಕರೆ ಡಬ್ಬಕ್ಕೆ ಒರಗಿಸಿದ ಸ್ವರಪುಸ್ತಕ. ಎಡಗೈಯಿಂದ ಮೂರು ಹಾಳೆ ಒಟ್ಟಿಗೆ ಹಿಂದಕ್ಕೆ, ಥಟ್ಟನೆ, ಆದರೆ ಸದ್ದಿಲ್ಲದೆ. ಮತ್ತೆ. ಮತ್ತೆ.

"ಹಾಳೆ ತಿರುಗ್ಸೋಕೂ ಪ್ರಾಕ್ಟೀಸಾ ಅಕ್ಕಾ? ಫ್ಯಾನ್ ಹಾಕು, ಅದೇ ತಿರುಗ್ಸುತ್ತೆ," ಎನ್ನುತ್ತಾಳೆ ತಂಗಿ, ಹಾಸಿಗೆಯಿಂದಲೇ.

"ಫ್ಯಾನಿಗೆ ಹಿಂದಕ್ಕೆ ತಿರುಗ್ಸೋಕೆ ಬರಲ್ಲ ಕಣೇ. ಮಲಕ್ಕೋ."

ಸಭಾಂಗಣದಲ್ಲಿ ಎಲ್ಲರಿಗೂ ಇವರು ಹಾಳೆಯಕ್ಕ. ಪಿಯಾನೊ ನುಡಿಸುವವರ ಎರಡು ಕೈಗೂ ಬಿಡುವಿಲ್ಲ. ಹಾಳೆ ತಿರುಗಿಸುವ ಮೂರನೆಯ ಕೈ ಈಕೆಯದು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ, ವಾರಕ್ಕೆ ನಾಲ್ಕು ಕಾರ್ಯಕ್ರಮ. ಬಳೆ ತೊಡುವಂತಿಲ್ಲ, ಕೆಮ್ಮುವಂತಿಲ್ಲ, ಚಪ್ಪಾಳೆ ಬಿದ್ದರೆ ತನಗಲ್ಲವೆಂದು ನೆಲ ನೋಡಬೇಕು.

ಇಂದು ಸಂಜೆ ಏಳಕ್ಕೆ ರೇಡಿಯೊದಲ್ಲಿ ನೇರ ಪ್ರಸಾರ. ಕೃತಿ ಹಳೆಯದು, ಹಗೆಯೂ ಹಳೆಯದು. ಒಂಬತ್ತು ವರ್ಷದ ಹಿಂದೆ ಇದೇ ಕೃತಿಯಲ್ಲಿ, ಮೊದಲಿನ ಮಟ್ಟು ಮರಳಿ ಬರಬೇಕಾದಲ್ಲಿ, 'ಹಿಂದಕ್ಕೆ ಹೋಗು' ಎನ್ನುವ ಜೋಡಿಚುಕ್ಕೆ ಕಂಡೂ ಕೈ ಅಭ್ಯಾಸಬಲದಿಂದ ಮುಂದಕ್ಕೆ ತಿರುಗಿಸಿತ್ತು. ಪಿಯಾನೊದಾಕೆ ಕಣ್ಣಿಗೆ ಬಿದ್ದದ್ದನ್ನು ನುಡಿಸಿದರು. ಮಟ್ಟು ಮರಳದೆಯೇ ಕೃತಿ ಮುಗಿಯಿತು. ಯಾರೂ ಬೈಯಲಿಲ್ಲ. ಬಾಗಿಲ ಬಳಿ ಮುದುಕರೊಬ್ಬರು ಮಾತ್ರ ಹೊರಡಲಾರದೆ ನಿಂತಿದ್ದರು: "ಅದು ಇನ್ನೊಂದ್ಸಲ ಬರುತ್ತೆ ಅಂತ ಕಾಯ್ತಾ ಇದ್ದೆ ಮಗಳೇ."

ಸಂಜೆ ಆರೂವರೆಗೆ ಅದೇ ಪಿಯಾನೊದಾಕೆ ಗಡಿಯಾರ ನೋಡುತ್ತಾರೆ. "ಹಾಳೆಯಕ್ಕಾ, ಟೈಮ್ ಸಾಲಲ್ಲ. ಒಂದ್ಸಲ ಕೇಳಿದ್ದೇ ತಾನೇ, ಆ ವಾಪಸ್ ಬರೋದನ್ನ ಬಿಟ್ಬಿಡೋಣ್ವಾ?"

ಹಾಳೆಯಕ್ಕನ ಕಿವಿ ಕೆಂಪಾಗುತ್ತದೆ. "ಅಯ್ಯೋ ಬೇಡಿ! ಮೊದಲ್ನೇ ಸಲ ಅದು ಯಾರೋ ನೆಂಟ, ಬಾಗಿಲಲ್ಲೇ ನಿಲ್ಲಿಸಿ ನೋಡ್ತೀವಿ. ನಡುವೆ ಅಷ್ಟೊಂದು ಗುಡುಗು ಕೇಳಿ, ದಾರಿ ತಪ್ಪಿ, ಹೆದರಿ ಕೂತಿರ್ತೀವಲ್ಲ, ಆಗ ಬಂದ್ರೆ 'ಅರೆ, ನೀನಾ, ಬಾರಪ್ಪ' ಅಂತೀವಿ. ಸ್ವರ ಅದೇ ಮೇಡಂ. ಕೇಳೋರು ಅವರೇ ಅಲ್ಲ."

ಪಿಯಾನೊದಾಕೆ ನಗುತ್ತಾರೆ. "ಸರಿ, ಭಾಷಣ ಆಯ್ತು. ಟೈಮ್ ಸಾಲ್ದಿದ್ರೆ ಕಾರ್ಯಕ್ರಮದ ಕೊನೇ ಕೃತಿ ಬಿಡ್ತೀನಿ. ತಪ್ಪಿದ್ರೆ ಇಬ್ರೂ ಮುಳುಗ್ತೀವಿ, ನೋಡ್ಕೋ."

ಪ್ರಸಾರದ ಕೆಂಪು ದೀಪ ಹತ್ತುವ ಮೊದಲು ಪಿಯಾನೊದಾಕೆ ಆಸೆಯೇನೆಂದು ಕೇಳಿದರೆ ಹಾಳೆಯಕ್ಕ ಪಿಸುಗುಟ್ಟುತ್ತಾರೆ: "ಆ ಅಜ್ಜ ಎಲ್ಲಾದ್ರೂ ರೇಡಿಯೊ ಹಾಕ್ಕೊಂಡಿದ್ರೆ ಸಾಕು."

ಕೃತಿ ಶುರುವಾಗುತ್ತದೆ. ನಡುವಿನ ಗುಡುಗು ಏರುತ್ತದೆ. ಹಾಳೆಯಕ್ಕ ಎದ್ದು ನಿಲ್ಲುತ್ತಾರೆ, ಉಸಿರಿಲ್ಲ. ಜೋಡಿಚುಕ್ಕೆ ಬಂತು.

ಏಳೂ ಹದಿನಾಲ್ಕಕ್ಕೆ ಮೂರು ಹಾಳೆ ಹಿಂದಕ್ಕೆ ತಿರುಗುತ್ತವೆ. ಮಟ್ಟು ಮರಳಿ ಬರುತ್ತದೆ.