ಫೆರ್ಮಿನಾಳ ಅಳು, ನನ್ನ ಲಕಾಯ್

ನಮ್ಮ ವಿಗಾನ್ ಊರಿನಲ್ಲಿ ಯಾರೇ ಸತ್ತರೂ ಫೆರ್ಮಿನಾ ಬಂದು ಅಳಬೇಕು. ಅವಳು ಅತ್ತರೆ ಸತ್ತವರ ಪುಣ್ಯ ಅನ್ನುತ್ತಾರೆ ಜನ. ನನಗಂತೂ ಆ ಹೆಸರು ಕೇಳಿದರೆ ಸಾಕು, ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತದೆ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಆಗಬೇಕಾದ್ದು ಏನೂ ಇಲ್ಲ.

ಅವಳಿರುವುದು ನಮ್ಮ ಎದುರಿಗೇ, ಕಲ್ಲುಹಾಸಿನ ಬೀದಿಯ ಆಚೆ ಬದಿ, ಯಾರೋ ಸಿರಿವಂತರ ಹಳೇ ಮನೆಯ ಕೆಳಕೋಣೆಯಲ್ಲಿ. ಹಿಂದೆ ಅಲ್ಲಿ ಕುದುರೆಗಾಡಿ ನಿಲ್ಲಿಸುತ್ತಿದ್ದರು, ಈಗ ಅವಳ ಮಗ್ಗ ಇದೆ. ಹಗಲೆಲ್ಲ ಟಕಟಕ. ಅವಳು ನೇಯುವ ಸುಳಿಗಾಳಿ ಚಿತ್ತಾರದ ಬಟ್ಟೆ ನೋಡಿದರೆ ದೆವ್ವಕ್ಕೂ ತಲೆ ತಿರುಗಿ ದಾರಿ ತಪ್ಪುತ್ತದಂತೆ. ಗಂಡಸರಿಗೂ ತಪ್ಪುತ್ತಿತ್ತು. ನನ್ನ ಗಂಡ ಪೊನ್ಸೋಗೆ ತಪ್ಪಿದ್ದನ್ನು ಇಡೀ ಬೀದಿ ನೋಡಿದೆ.

ಆಗ ಅವಳ ಅಪ್ಪ ಆ ಮನೆಯ ಕಾವಲಿನವನು, ಅವರ ವಾಸ ಮಹಡಿಯ ಮೇಲೆ. ಪೊನ್ಸೋ ಗಿಟಾರು ಹಿಡಿದು ಹೋಗಿ ಅವಳ ಕಿಟಕಿಯ ಕೆಳಗೆ ಹಾಡಿದ. ಚಿಪ್ಪಿನ ಹಾಳೆ ಕೂರಿಸಿದ ಆ ಕಿಟಕಿ ಸರಿದರೆ ಮೇಲೆ ಬಾ ಅಂತ ಅರ್ಥ. ಅವಳು ಕಿಟಕಿ ಸರಿಸಲಿಲ್ಲ, ಅದರ ಕೆಳಗೆ ಕಾಲ ಬಳಿ ಇರುವ ಗಾಳಿಗಿಂಡಿಯನ್ನಷ್ಟೇ ತೆರೆದಳು. ಅದು ಹೂಂ ಕೂಡ ಅಲ್ಲ, ಉಹೂಂ ಕೂಡ ಅಲ್ಲ. ತಾಯಿ ಹಾಸಿಗೆ ಹಿಡಿದಿದ್ದಳು, ಬಿಟ್ಟು ಬರುವಂತಿರಲಿಲ್ಲ ಅಂತ ಆಮೇಲೆ ಜನ ಆಡಿಕೊಂಡರು. ಪೊನ್ಸೋ ಕಾದ, ಕಾದು ಬೇಸತ್ತ, ಕೊನೆಗೆ ಬೀದಿ ದಾಟಿ ಬಂದು ನನ್ನ ಕಿಟಕಿಯ ಕೆಳಗೆ ಅದೇ ಹಾಡು ಹಾಡಿದ. ನಾನು ಎರಡನೇ ಸಾಲಿಗೇ ಕಿಟಕಿ ಸರಿಸಿಬಿಟ್ಟೆ.

ಮದುವೆಯಾದ ಮೇಲೆ ಚೌಕದಲ್ಲಿ ಎಂಪನಾಡ ಕರಿದು ಮಾರಿ ಬದುಕಿದೆವು. ಅಕ್ಕಿಹಿಟ್ಟಿನ ಹಾಳೆಯೊಳಗೆ ಹಸಿ ಪಪ್ಪಾಯ, ಬೆಳ್ಳುಳ್ಳಿ ಹಾಕಿದ ಮಾಂಸ, ಮೇಲೊಂದು ಮೊಟ್ಟೆ. ಫೆರ್ಮಿನಾ ಬಂದಾಗ ಮಾತ್ರ ಅವನ ಕೈ ಧಾರಾಳವಾಗುತ್ತಿತ್ತು.

"ಯಾಕೆ ಲಕಾಯ್, ಅವಳ್ದು ಮಾತ್ರ ಬಸುರಿ ಥರ ಉಬ್ಬಿದೆ?" ಅಂತ ಕೇಳಿದರೆ, "ಹಿಟ್ಟು ಹಾಗೇ ಬಂತು ಕಣೇ" ಅನ್ನುತ್ತಿದ್ದ.

ಲಕಾಯ್ ಅಂದರೆ ಮುದುಕ. ನಮ್ಮಲ್ಲಿ ಹೆಂಡತಿ ಗಂಡನನ್ನು ಹಾಗೇ ಕರೆಯುವುದು, ಮದುವೆಯ ಮರುದಿನದಿಂದಲೇ. ಮೀಸೆ ಚಿಗುರದವನೂ ಮುದುಕನೇ. ಫೆರ್ಮಿನಾಗೆ ಹಾಗೆ ಕರೆಯಲು ಯಾರೂ ಸಿಗಲಿಲ್ಲ. ಅವಳು ಮದುವೆಯಾಗಲೇ ಇಲ್ಲ, ಅದೂ ನನ್ನ ಕಣ್ಣೆದುರಿಗೇ. ಬೇರೆ ಯಾರನ್ನಾದರೂ ಕಟ್ಟಿಕೊಂಡಿದ್ದರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ತಾಯಿ ಸತ್ತಾಗ ಅವಳು ಅತ್ತ ರೀತಿಗೆ ಊರೇ ಮರುಳಾಯಿತು. ನಮ್ಮಲ್ಲಿ ಹೆಣದ ಮುಂದೆ ಕೂತು, ತಲೆಗೆ ಕಪ್ಪು ಬಟ್ಟೆ ಹೊದ್ದು, ಸತ್ತವರ ಬದುಕನ್ನೆಲ್ಲ ರಾಗವಾಗಿ ಹೇಳಿ ಅಳಬೇಕು. ಒಳ್ಳೆಯದು, ಕೆಟ್ಟದ್ದು, ಮುಗಿಯದ ಜಗಳ, ಎಲ್ಲವನ್ನೂ. ಮನೆಯವರಿಗೆ ಗಂಟಲು ಕಟ್ಟಿದರೆ ಬಲ್ಲವಳನ್ನು ಕರೆಸುತ್ತಾರೆ, ಅವಳು ಸತ್ತವನ ಹೆಂಡತಿಯ ಬಾಯಾಗಿ ಅಳುತ್ತಾಳೆ. ಅಂದಿನಿಂದ ಫೆರ್ಮಿನಾಗೆ ಮಗ್ಗದಷ್ಟೇ ಅಳುವಿನ ಕೆಲಸವೂ ಬಂತು.

ಪೊನ್ಸೋ ಹೋದಾಗ ನನ್ನ ಗಂಟಲು ಕಟ್ಟಿತು. ಕಣ್ಣೀರಿಲ್ಲ, ದನಿ ಇಲ್ಲ. ನಾದಿನಿ ಕೊನ್ಸೋರ್ಸಿಯಾ, ಅಳದೆ ಹೇಗೆ ಕಳಿಸುವುದು, ಫೆರ್ಮಿನಾಳನ್ನು ಕರೆಯುತ್ತೇನೆ ಅಂದಳು. ಅವಳೊಬ್ಬಳು ಬೇಡ ಅಂತ ಕೈಸನ್ನೆ ಮಾಡಿದೆ. ಅಷ್ಟರಲ್ಲಿ ಅವಳು ಕಪ್ಪು ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಇಷ್ಟು ವರ್ಷ ಬೀದಿಯ ಈಚೆ ಉಳಿಸಿಕೊಂಡವನನ್ನು, ಇಷ್ಟು ಜನರೆದುರು, ಒಂದು ಅಳುವಿನಲ್ಲಿ ಅವಳು ಆಚೆಗೆ ಒಯ್ದುಬಿಟ್ಟರೆ?

ಅವಳು ಶುರು ಮಾಡಿದಳು. ಅವನ ಎಣ್ಣೆ ಸಿಡಿದ ಕೈ, ಬಾತ ಮೊಣಕಾಲು, ಸಾಲ ಕೊಟ್ಟು ಮರೆಯುವ ಬುದ್ಧಿ, ಎಲ್ಲ ಬಂತು. ಗಿಟಾರಿನ ಹತ್ತಿರ ಬಂದಳು. ನಾನು ಕುರ್ಚಿ ಬಿಗಿಹಿಡಿದೆ. ಅವಳು ಗಿಟಾರು ದಾಟಿ ಹೋಗಲಿಲ್ಲ, ದನಿ ತಗ್ಗಿಸಿ ಅಲ್ಲೇ ನಿಂತಳು.

"ನನ್ನ ಲಕಾಯ್" ಅಂದಳು.

ಹೆಂಡತಿಯ ಬಾಯಾಗಿ ಅಳುವವಳು ಹಾಗೆ ಅನ್ನುವುದೇ ಪದ್ಧತಿ. ಎಲ್ಲ ಮನೆಯಲ್ಲೂ ಅಂದಿದ್ದಾಳೆ. ಆದರೂ ನನ್ನ ಮೈಯೆಲ್ಲ ಉರಿದುಹೋಯಿತು.

"ಆ ಮಾತು ನಂದು, ಮನಾಂಗ್. ಬಿಡು" ಅಂದೆ. ಮನಾಂಗ್ ಅಂದರೆ ಅಕ್ಕ. ಅವಳು ನನಗಿಂತ ಹಿರಿಯಳು, ಸಿಟ್ಟಿನಲ್ಲೂ ನಾಲಿಗೆ ಮರ್ಯಾದೆ ಬಿಡಲಿಲ್ಲ.

ಅವಳ ತಲೆಯ ಕಪ್ಪು ಬಟ್ಟೆ ಎಳೆದು ಹೊದ್ದುಕೊಂಡೆ. ಅಳು ಕಟ್ಟೆ ಒಡೆದು ಬಂತು. ಉಬ್ಬಿದ ಎಂಪನಾಡಕ್ಕೆ ಬೈದೆ, ಎಂಜಲು ಹಾಡಿಗೆ ಬೈದೆ, ಹೇಳದೆ ಕೇಳದೆ ಹೋಗಿದ್ದಕ್ಕೆ ಬೈದೆ. ಬೀದಿಯೇ ಅತ್ತಿತು. ಫೆರ್ಮಿನಾ ಬರಿತಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಹೊಳೆಯಲ್ಲಿ ತಲೆಗೆ ನೀರು. ಸುಟ್ಟ ಹುಲ್ಲಿನ ಬೂದಿ, ಕಬ್ಬಿನ ಹೆಂಡ ಬೆರೆಸಿದ ನೀರನ್ನು ಸಾವಾದ ಮನೆಯವರ ತಲೆಗೆ ಹಿರಿಯ ಹೆಂಗಸರು ಹಾಕುತ್ತಾರೆ. ನನ್ನ ಪಾಲಿಗೆ ಬಂದದ್ದೂ ಫೆರ್ಮಿನಾಳೇ. ಬೆರಳಿನಿಂದ ನೆತ್ತಿ ತಿಕ್ಕುತ್ತಿದ್ದಳು.

"ಮೊನ್ನೆ ಲಕಾಯ್ ಅಂದಿದ್ದು ನನ್ನ ಬಾಯಿ ಬಿಡಿಸೋಕೋ, ನಿನಗೋಸ್ಕರಾನೋ?" ಅಂತ ಕೇಳಿದೆ.

"ಕಣ್ಮುಚ್ಕೋ ತಂಗಿ, ಬೂದಿ ಒಳಗೆ ಹೋಗುತ್ತೆ" ಅಂದಳು.

ನನ್ನ ತಲೆ ಮುಗಿದ ಮೇಲೆ ಅವಳು ತನ್ನ ತುರುಬು ಬಿಚ್ಚಿದಳು. ಚೊಂಬನ್ನು ನನ್ನ ಕೈಗಿಟ್ಟು, ನೀರಿನ ಅಂಚಿನಲ್ಲಿ ಕೂತು, ತಲೆ ಬಗ್ಗಿಸಿದಳು. ಬಿಳಿಕೂದಲು ಹೊಳೆಯವರೆಗೆ ಇಳಿಯಿತು. ದಡದ ಹೆಂಗಸರು ತಿರುಗಿ ನೋಡಿದರು. ಅವಳು ನಮ್ಮ ಮನೆಯವಳಲ್ಲ ಅಂತ ಎಲ್ಲರಿಗೂ ಗೊತ್ತು.

ಹಾಕಿದೆ. ಆದರೆ ಅರ್ಧ ಚೊಂಬು ಮಾತ್ರ.